‘ಅಡ್ಜಸ್ಟ್’ ಅನ್ನಬಾರದ ಕೋಣೆ

"ನೋವಿದೆಯಾ?"

"ಇಲ್ಲ..."

"ಎಲ್ಲಾದರೂ ಒತ್ತುತ್ತಾ? ಉಜ್ಜುತ್ತಾ?"

"ಇಲ್ಲ ಸಾರ್. ಚೆನ್ನಾಗಿದೆ."

ಎರಡೂ ಕಡೆಯ ಕಂಬಿ ಹಿಡಿದು ಅವಳು ಗೋಡೆಯ ಕನ್ನಡಿಯ ತನಕ ನಡೆದಳು, ತಿರುಗಿ ಬಂದಳು. ಮುಖದ ತುಂಬ ನಗು. ಆ ನಗುವನ್ನು ಕಂಡರೆ ಯಾರಾದರೂ ನಂಬಿಬಿಡುತ್ತಿದ್ದರು... ಆದರೆ ಎದುರಿಗೆ ಸ್ಟೂಲಿನ ಮೇಲೆ ಕೂತವರು ಅವಳ ಮುಖವನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣೆಲ್ಲ ಅವಳ ಹೆಜ್ಜೆಯ ಮೇಲೆ.

"ಕೂತ್ಕೊಳ್ಳಿ. ಕಾಲು ತೆಗೀರಿ."

"ಬೇಡ ಸಾರ್, ಸರಿಯಾಗೇ ಇದೆ..."

"ತೆಗೀರಿ ಅಂದೆ!"

ಕೃತಕ ಕಾಲು ಕಳಚಿತು. ಮೊಣಕಾಲಿನ ಕೆಳಗೆ ಉಳಿದಿದ್ದ ಗೇಣುದ್ದದ ಕಾಲಿಗೆ ತೊಡಿಸಿದ್ದ ಬಿಳಿ ಕಾಲುಚೀಲದ ತುದಿ ಕೆಂಪಗಾಗಿತ್ತು. ಅವರು ಅದನ್ನು ಮೆಲ್ಲಗೆ ಎಳೆದರು. ಒಳಗೆ ಚರ್ಮ ಸುಲಿದು ಹಸಿ ಗಾಯ.

ಅವರು ಕಾಲುಚೀಲವನ್ನು ಪಕ್ಕಕ್ಕಿಟ್ಟರು.

"ವಾರದಿಂದ ಇದನ್ನೇ ಹಾಕ್ಕೊಂಡು ಓಡಾಡಿದ್ದೀರಾ?"

"ಹೂಂ..."

"ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಕಷ್ಟಪಟ್ಟು ಮಾಡಿದ್ದೀರಿ... ಸ್ವಲ್ಪ ದಿನ ಹೋದ್ರೆ ಅಡ್ಜಸ್ಟ್ ಆಗುತ್ತೆ ಅಂತ..."

ಅಷ್ಟೇ! ಅವರು ಎದ್ದು ನಿಂತ ರಭಸಕ್ಕೆ ಸ್ಟೂಲು ಉರುಳಿತು.

"ಕಾಲು ನಿಮಗೆ ಹೊಂದಬೇಕು ಕಣ್ರೀ! ನೀವು ಕಾಲಿಗಲ್ಲ! ಗಾಯಕ್ಕೆ ಕೀವು ತುಂಬಿ ಮೊಣಕಾಲೂ ಹೋಗಿದ್ರೆ ಅದಕ್ಕೂ ಅಡ್ಜಸ್ಟ್ ಮಾಡ್ಕೊಳ್ತಿದ್ರಾ? ಇನ್ಮೇಲೆ ಈ ಕೋಣೇಲಿ ಆ ಪದ ಆಡೋ ಹಾಗಿಲ್ಲ. ಆಡಿದ್ರೆ ಬೇರೆ ಕಡೆ ಕಾಲು ಮಾಡಿಸ್ಕೊಳ್ಳಿ!"

ಅವಳ ಕಣ್ಣು ತುಂಬಿಬಂತು. 'ಎಂಥ ಮನುಷ್ಯ ಇವರು! ನೋವಾಗಿರೋದು ನನಗೆ, ಕೂಗಾಡ್ತಿರೋದು ಇವರು...'

ಕೂಗಾಡಿದವರ ಕೈ ನಡುಗುತ್ತಿದ್ದುದು ಅವಳಿಗೆ ಕಾಣಲಿಲ್ಲ. ಕಣ್ಣಲ್ಲಿ ನೀರಿದ್ದಾಗ ಎದುರಿನವರ ಕೈ ಎಲ್ಲಿ ಕಾಣುತ್ತದೆ?

ಅವರನ್ನು ಆ ಕೇಂದ್ರಕ್ಕೆ ಬರುವವರೆಲ್ಲ 'ಕಾಲು ಮೇಷ್ಟ್ರು' ಎನ್ನುತ್ತಿದ್ದರು. ಕೃತಕ ಕಾಲು ತಯಾರಿಸುವುದೂ ಅವರೇ, ಅದರ ಮೇಲೆ ನಿಲ್ಲಲು ಕಲಿಸುವುದೂ ಅವರೇ. ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು 'ದೊಡ್ಡವಳು' ಎಂದು. ದೊಡ್ಡವಳಾಗಿ ಹುಟ್ಟಿದ ತಪ್ಪಿಗೆ ಅವಳು ಕಲಿತ ಮೊದಲ ಇಂಗ್ಲಿಷ್ ಪದವೇ ಅಡ್ಜಸ್ಟ್.

ಈ ಪದ ಬಾರದವರು ಯಾರಿದ್ದಾರೆ ಹೇಳಿ? ಇಂಗ್ಲಿಷಿನ ಗಂಧಗಾಳಿ ಇಲ್ಲದ ಅಜ್ಜಿಗೂ ಇದು ಬರುತ್ತದೆ. ಹಿಂದೆ ಒಂದು 'ಸ್ವಲ್ಪ', ಮುಂದೆ ಒಂದು 'ಮಾಡ್ಕೊಳ್ಳಿ' ಸೇರಿಸಿದರೆ ಮುಗಿಯಿತು. ಇಬ್ಬರು ಕೂರುವ ಸೀಟಿಗೆ ಮೂರನೆಯವರು ಬಂದರೆ, ಸಾರಿಗೆ ಉಪ್ಪು ಹೆಚ್ಚಾದರೆ, ಗಂಡ ಕೈ ಎತ್ತಿದರೆ... ಎಲ್ಲದಕ್ಕೂ ಇದೊಂದೇ ಮದ್ದು. ಕೇಳುವವರಿಗೆ ಏನೂ ಖರ್ಚಿಲ್ಲ. ಜಾಗ ಬಿಡುವವರದ್ದೇ ಎಲ್ಲಾ ಖರ್ಚು.

ತಮ್ಮನಿಗೆ ಮದುವೆಯಾದಾಗ ಅವಳ ಕೋಣೆ ತಮ್ಮನದಾಯಿತು. ಅವಳ ಹಾಸಿಗೆ ಹಾಲಿಗೆ ಬಂತು. "ನಮ್ಮ ದೊಡ್ಡವಳು ಎಲ್ಲಾದಕ್ಕೂ ಅಡ್ಜಸ್ಟ್ ಆಗ್ತಾಳೆ," ಎಂದು ಅಮ್ಮ ನೆಂಟರ ಮುಂದೆ ಹೊಗಳಿದಳು. ಆ ಹೊಗಳಿಕೆಗೆ ಮರುಳಾಗಿ ಅವಳು ಇನ್ನಷ್ಟು ಸರಿದು ಕೂತಳು.

ಕಾಲು ಹೋಗಿದ್ದೂ ಹಾಗೆಯೇ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಒಂದು ಸಂಜೆ ಕೆಲಸ ಮುಗಿಸಿ ತುಂಬಿದ ಬಸ್ಸು ಹತ್ತಿದ್ದಳು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮಾ," ಎಂದರು ಒಬ್ಬರು. ಸರಿದಳು. ಮತ್ತೊಬ್ಬರು ಎಂದರು. ಮತ್ತೂ ಸರಿದಳು. ಸರಿಯುತ್ತ ಸರಿಯುತ್ತ ಬಾಗಿಲ ಮೆಟ್ಟಿಲಿಗೆ ಬಂದು ನಿಂತಳು. ತಿರುವಿನಲ್ಲಿ ಬಸ್ಸು ವಾಲಿತು... ಆಮೇಲೆ ಅವಳಿಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಾಯ ಆರಿದ ಮೇಲೆ ಮತ್ತೆ ಅಳತೆ ಕೊಡಲು ಹೋದ ದಿನ, ಯಾಕೋ ಮೇಷ್ಟ್ರ ಮುಂದೆ ಬಾಯಿ ಬಿಟ್ಟಳು.

ಮೇಷ್ಟ್ರು ಎದ್ದು ಹೋಗಿ ಮೂಲೆಯ ಕೆಟಲಿನಲ್ಲಿ ಚಹಾ ಮಾಡಿ, ಎರಡು ಚಮಚ ಸಕ್ಕರೆ ಹಾಕಿ, ಒಂದು ಕ್ಷಣ ಯೋಚಿಸಿ ಇನ್ನೊಂದು ಚಮಚ ಹಾಕಿ, ಅವಳ ಕೈಗಿಟ್ಟರು.

"ಕುಡೀರಿ ಇವ್ರೇ. ಅವತ್ತು ಕೂಗಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ."

ಇವ್ರೇ! ಹೆಸರಿಗಿಂತ ಹತ್ತಿರದ್ದು, ಸಲಿಗೆಗಿಂತ ದೂರದ್ದು... ಅವಳು ಒಂದೇ ಗುಟುಕಿಗೆ ಚಹಾ ಕುಡಿದಳು. ಪಾಯಸವೇ ಅದು! ಆದರೂ "ತುಂಬಾ ಚೆನ್ನಾಗಿದೆ" ಎಂದಳು.

ಅಂದಿನಿಂದ ಪ್ರತಿ ಭೇಟಿಗೂ ಮೂರು ಚಮಚದ ಚಹಾ ಅವಳ ಪಾಲಿಗೆ ಕಾಯಂ ಆಯಿತು.

ಮೇಷ್ಟ್ರ ಏಪ್ರನ್ ಜೇಬಿನಲ್ಲಿ ಸದಾ ಒಂದು ಕೆಂಪು ಲಿಪ್‌ಸ್ಟಿಕ್ ಇರುತ್ತಿತ್ತು. ಮೊದಲ ಸಲ ಅದು ಇಣುಕಿದ್ದನ್ನು ಕಂಡು ಅವಳ ಎದೆ ಧಸಕ್ಕೆಂದಿತ್ತು. 'ಯಾರದ್ದಿರಬಹುದು? ಇರಲಿ ಬಿಡು, ನನಗೇನು?' ಎಂದುಕೊಂಡಳು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ!

ವಿಷಯ ಬಯಲಾದದ್ದು ಹೊಸ ಕಾಲು ಹಾಕಿದ ದಿನ.

"ಎಲ್ಲಿ ನೋವಾಗುತ್ತೋ ಅಲ್ಲಿ ಇದರಿಂದ ಗುರುತು ಹಾಕಿ," ಎಂದು ಅವರು ಹೊಸ ಲಿಪ್‌ಸ್ಟಿಕ್ಕಿನ ಮುಚ್ಚಳ ತೆಗೆದು ಅವಳಿಗೆ ಕೊಟ್ಟರು. "ಆಮೇಲೆ ಕಾಲು ಹಾಕ್ಕೊಂಡು ನಿಂತ್ರೆ, ಕಾಲು ಕೂರೋ ಈ ಬಟ್ಟಲಿನ ಒಳಗಡೆ ಅದೇ ಜಾಗಕ್ಕೆ ಬಣ್ಣ ಅಂಟುತ್ತೆ. ನಾನು ಅಲ್ಲಿ ಉಜ್ಜಿ ಜಾಗ ಮಾಡ್ತೀನಿ."

ಕೌಂಟರಿನಲ್ಲಿ ಕೂರುವ ಅಕ್ಕ ಬಾಗಿಲಲ್ಲೇ ನಿಂತು ಕಿಸಕ್ಕೆಂದಳು. "ಅಂಗಡಿಯವನು ಇವರನ್ನ ದೊಡ್ಡ ರಸಿಕ ಅಂದ್ಕೊಂಡಿದ್ದಾನೆ ಕಣಮ್ಮಾ! ಡಜನ್‌ಗಟ್ಟಲೆ ಲಿಪ್‌ಸ್ಟಿಕ್ ತಗೊಂಡು ಹೋಗ್ತಾರಲ್ಲಾ!"

ಅವಳು ಮನಸಾರೆ ನಕ್ಕಳು. ಎಷ್ಟು ಕಾಲವಾಗಿತ್ತೋ ಹಾಗೆ ನಕ್ಕು. ನಕ್ಕು ಮುಗಿಸಿ ಲಿಪ್‌ಸ್ಟಿಕ್ ಹಿಡಿದು ಕೂತಳು. ಗುರುತು ಹಾಕಲು ಕೈ ಬರಲಿಲ್ಲ.

"ಹಾಕಿ."

"ಇಲ್ಲಿ... ಸ್ವಲ್ಪ. ಅಷ್ಟೇನಿಲ್ಲ..."

"ಸ್ವಲ್ಪಾನೋ ಜಾಸ್ತೀನೋ ನಾನು ಕೇಳ್ಲಿಲ್ಲ. ಎಲ್ಲಿ ಅಂದೆ."

"ಇಲ್ಲಿ," ಎಂದಳು. ಮತ್ತೆ, "ಇಲ್ಲೂ." ಮತ್ತೆ ತಲೆ ತಗ್ಗಿಸಿ, "ಇಲ್ಲೂ ಮೇಷ್ಟ್ರೇ..."

ಬಿಳಿಚಿಕೊಂಡ ಆ ಮೊಂಡು ಕಾಲಿನ ಮೇಲೆ ಕೆಂಪು ಗುರುತುಗಳು. ಇಲ್ಲಿ ನೋವು ಎಂದು ಅವಳು ಜೀವನದಲ್ಲಿ ಮೊದಲ ಸಲ ಯಾರಿಗೋ ತೋರಿಸಿದ್ದಳು. ಮೇಷ್ಟ್ರು ಬಟ್ಟಲು ಎತ್ತಿಕೊಂಡು ಉಜ್ಜುವ ಯಂತ್ರದ ಬಳಿಗೆ ಹೋದರು. ಪ್ಲಾಸ್ಟಿಕ್ಕಿನ ಪುಡಿ ಹಾರಿ ಅವರ ಕಿವಿಯ ಪಕ್ಕದ ಬಿಳಿಕೂದಲಿಗೆ ಇನ್ನಷ್ಟು ಬಿಳಿ ಸೇರಿತು. ತನ್ನ ನೋವಿಗಾಗಿ ಒಬ್ಬ ಮನುಷ್ಯ ಹೀಗೆ ಬೆವರುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಪ್ರೀತಿ ಹುಟ್ಟಿದ್ದು ಆಗಲೇ. ಅವಳಿಗೆ ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ, ಅಷ್ಟೇ.

ಒಂದು ದಿನ ಅವರೇ ಹೇಳಿದರು. ಕೆಲಸ ಮಾಡುತ್ತಲೇ, ತಲೆ ಎತ್ತದೆ.

"ನನ್ನ ಹೆಂಡತಿಗೂ ಆ ಪದ ಬಾಯಿಪಾಠ ಆಗಿತ್ತು. ಹೊಟ್ಟೆನೋವು ಅಂತಿದ್ಲು. ಡಾಕ್ಟರ ಹತ್ರ ಹೋಗೋಣ್ವಾ ಅಂದ್ರೆ, 'ನಿಮಗೆ ಕೆಲಸ ಜಾಸ್ತಿ ಅಲ್ವಾ, ನಾನು ಅಡ್ಜಸ್ಟ್ ಮಾಡ್ಕೊಳ್ತೀನಿ ಬಿಡಿ' ಅಂತಿದ್ಲು. ನಾನೂ ಬಿಟ್ಟೆ. ಊರಿನವರ ನೋವೆಲ್ಲಾ ಎಲ್ಲೆಲ್ಲಿ ಅಂತ ಕೇಳಿದವನು, ಅವಳನ್ನ ಇನ್ನೊಂದು ಸಲ ಕೇಳ್ಲಿಲ್ಲ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಕೈಮೀರಿತ್ತು."

ಅವಳು ಮುಂದಕ್ಕೆ ಬಾಗಿದಳು. ಕೈ ಚಾಚಿ ಅವರ ತೋಳು ಮುಟ್ಟಬೇಕೆನಿಸಿತು... ಮುಟ್ಟಲಿಲ್ಲ.

ಕಾಲು ಸಿದ್ಧವಾಯಿತು. ಅವಳು ಊರುಗೋಲಿಲ್ಲದೆ ನಡೆದಳು. ಬೇಕರಿಯ ಮಾಲೀಕರು ಅವಳ ಜಾಗವನ್ನು ಇನ್ನೂ ಖಾಲಿ ಇಟ್ಟಿದ್ದರು. ಎಲ್ಲವೂ ಸರಿಹೋಯಿತು ಎನ್ನುವಷ್ಟರಲ್ಲಿ ತಮ್ಮ ಒಂದು ಸಂಬಂಧ ತಂದ.

"ದೊಡ್ಡ ಮನೆ ಅಕ್ಕಾ. ಹೆಂಡತಿ ತೀರಿಕೊಂಡಿದ್ದಾರೆ, ಹೆಣ್ಣುಮಕ್ಕಳಿಬ್ಬರಿಗೂ ಮದುವೆ ಆಗಿದೆ. ವಯಸ್ಸು ಸ್ವಲ್ಪ ಜಾಸ್ತಿ, ಸಕ್ಕರೆ ಕಾಯಿಲೆ ಇದೆಯಂತೆ. ಆದ್ರೆ ನಿನ್ನ ಕಾಲಿನ ವಿಷಯ ಅವರಿಗೆ ಪರವಾಗಿಲ್ವಂತೆ!"

ತಮ್ಮನ ಹೆಂಡತಿ ತುಂಬು ಬಸುರಿ. ಹಾಲಿನಲ್ಲಿ ತೊಟ್ಟಿಲು ಇಡಬೇಕು. ಹಾಲಿನಲ್ಲೀಗ ಅವಳ ಹಾಸಿಗೆ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಮ್ಮ ಅವಳ ತಲೆ ಸವರಿದಳು. "ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಳೇ..."

"ಹೂಂ," ಎಂದಳು ಅವಳು. ಅಭ್ಯಾಸಬಲ!

ಮಾರನೆಯ ದಿನ ಇಲ್ಲದ ನೆಪ ಮಾಡಿಕೊಂಡು ಮೇಷ್ಟ್ರ ಬಳಿ ಹೋದಳು. 'ಒಂದೇ ಒಂದು ಮಾತು... ಬೇಡ ಅಂತ ಒಂದೇ ಒಂದು ಮಾತು ಅಂದುಬಿಡಿ ಮೇಷ್ಟ್ರೇ...' ಎಂದು ದಾರಿಯುದ್ದಕ್ಕೂ ಮನಸ್ಸು ಗೋಗರೆಯುತ್ತಿತ್ತು.

"ನನಗೆ ಮದುವೆ ಗೊತ್ತಾಗಿದೆ."

ಚಹಾಕ್ಕೆ ಸಕ್ಕರೆ ಹಾಕುತ್ತಿದ್ದ ಚಮಚ ನಿಂತಿತು.

"ಹೌದಾ?... ನಿಮಗೆ ಇಷ್ಟಾನಾ?"

ಅವಳು ಅವರ ಬೆನ್ನನ್ನೇ ನೋಡಿದಳು. ತಿರುಗಲಿ ಎಂದು ಕಾದಳು. ಅವರು ತಿರುಗಲಿಲ್ಲ.

"ಅಡ್ಜಸ್ಟ್ ಮಾಡ್ಕೊಳ್ತೀನಿ."

ಆ ಕೋಣೆಯಲ್ಲಿ ಆಡಬಾರದ ಪದವನ್ನು ಅವಳು ಬೇಕೆಂದೇ ಆಡಿದ್ದಳು. ಕೂಗಾಡಲಿ, ಸ್ಟೂಲು ಉರುಳಿಸಲಿ ಎಂದು! ಮೇಷ್ಟ್ರು ಕೂಗಾಡಲಿಲ್ಲ. ಅವರ ಹೆಗಲು ಕುಸಿದಂತಾಯಿತು.

"ಒಳ್ಳೇದಾಗಲಿ," ಎಂದರು.

ಅಷ್ಟೇನಾ?

ಅವಳು ಚಹಾ ಕುಡಿಯದೆ ಎದ್ದು ಬಂದಳು. ದಾರಿಯಲ್ಲಿ ಅಂಗಡಿಯ ಗಾಜಿನಲ್ಲಿ ಅವಳ ನಡಿಗೆ ಕಂಡಿತು. ನೆಟ್ಟಗಿತ್ತು. ನೋಡಿದವರು ಯಾರೂ ಕಾಲಿಲ್ಲದವಳು ಎನ್ನುತ್ತಿರಲಿಲ್ಲ. 'ಅವರ ಕೆಲಸ ಅವರು ಚೆನ್ನಾಗಿ ಮಾಡಿದ್ದಾರೆ. ಕೆಲಸವನ್ನೇ ನಾನು ಪ್ರೀತಿ ಅಂದ್ಕೊಂಡೆ. ಹುಚ್ಚಿ...' ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಾರಾದರೂ ಕೇಳಿದರೆ ಕಣ್ಣಿಗೆ ಧೂಳು ಬಿತ್ತು ಎನ್ನಲು ಸಿದ್ಧವಾಗಿಯೇ ಇದ್ದಳು. ಯಾರೂ ಕೇಳಲಿಲ್ಲ.

ನಿಶ್ಚಿತಾರ್ಥದ ಹಿಂದಿನ ದಿನ ಬೆಳಿಗ್ಗೆ ಬೇಕರಿಯ ಮಾಲೀಕರು ಒಂದು ದೊಡ್ಡ ಕೇಕನ್ನು ಅವಳ ಮುಂದಿಟ್ಟರು.

"ನನ್ನ ಕಡೆಯಿಂದ ಉಡುಗೊರೆ ಕಣಮ್ಮಾ. ಹೆಸರು ನೀನೇ ಬರ್ಕೋ. ನಿನ್ನಷ್ಟು ಚೆನ್ನಾಗಿ ಇನ್ಯಾರು ಬರೀತಾರೆ?"

ಅವಳು ತನ್ನ ಹೆಸರು ಬರೆದಳು. ಪಕ್ಕದಲ್ಲಿ ಒಂದು ಹೂವು ಬಿಡಿಸಿದಳು. ಕ್ರೀಮಿನ ಚೀಲ ಹಿಡಿದ ಕೈ ಅಲ್ಲಿಗೇ ನಿಂತಿತು.

"ಯಾಕಮ್ಮಾ? ಹುಡುಗನ ಹೆಸರು ಬರಿ."

ಹುಡುಗನ ಹೆಸರು...

ಅವನ ಮನೆಗೆ ಎಷ್ಟು ಕೋಣೆ ಎಂದು ಅವಳಿಗೆ ಗೊತ್ತಿತ್ತು. ಯಾವ ಹೊತ್ತಿಗೆ ಮಾತ್ರೆ ಕೊಡಬೇಕು ಎಂದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ! ಯಾರೂ ಹೇಳಿರಲಿಲ್ಲ. ಅದಕ್ಕಿಂತ ಘೋರವೆಂದರೆ, ಅವಳೂ ಕೇಳಿರಲಿಲ್ಲ. ಹೆಸರೂ ಕೇಳದೆ ಒಬ್ಬನಿಗೆ ಹೂಂ ಎಂದುಬಿಟ್ಟಿದ್ದಳು.

ಅವಳಿಗೆ ಬಸ್ಸಿನ ಮೆಟ್ಟಿಲು ನೆನಪಾಯಿತು. ಹಿಂದೆ ಸರಿಯಲು ಇನ್ನು ಜಾಗವಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಕೌಂಟರಿನ ಅಕ್ಕ. "ನಿನ್ನ ಕೊನೇ ಚೆಕಪ್ಪು ಬಾಕಿ ಇದೆಯಲ್ಲಮ್ಮಾ. ಇವತ್ತೇ ಬಂದ್ಬಿಡು. ಮೇಷ್ಟ್ರು ನಾಳೆ ಹೊರಡ್ತಿದ್ದಾರೆ. ಬೇರೆ ಊರಿನ ಕೇಂದ್ರಕ್ಕೆ, ಆರು ತಿಂಗಳು. ಅಲ್ಲಿಗೆ ಯಾರೂ ಹೋಗೋಕೆ ಒಪ್ಪಲ್ಲ, ಇವರೇ ಮೇಲೆ ಬಿದ್ದು ಕೇಳಿ ಹಾಕಿಸ್ಕೊಂಡ್ರು. ಏನಾಗಿದೆಯೋ ಮನುಷ್ಯನಿಗೆ..."

ಅವಳು ಏಪ್ರನ್ ಬಿಚ್ಚಿಟ್ಟಳು. ಮೊದಲು ಮನೆಗೆ ಹೋದಳು.

ತಮ್ಮ ಕುರ್ಚಿಗಳನ್ನು ಜೋಡಿಸುತ್ತಿದ್ದ. ಅಮ್ಮ ತರಕಾರಿ ಹೆಚ್ಚುತ್ತಿದ್ದಳು.

"ನನಗೆ ಈ ಮದುವೆ ಬೇಡ."

"ಏನಂದೆ?" ತಮ್ಮ ತಿರುಗಿದ. "ಎಲ್ಲಾ ಮಾತಾಗಿದೆ ಅಕ್ಕಾ! ಈಗ ಬೇಡ ಅಂದ್ರೆ ನನ್ನ ಮರ್ಯಾದೆ? ಸ್ವಲ್ಪ ಅಡ್ಜಸ್..."

"ಬೇಡ ಅಂದೆ ಕಣೋ." ಅವಳು ತನ್ನ ಹಾಸಿಗೆಯತ್ತ ಕೈ ತೋರಿಸಿದಳು. "ತೊಟ್ಟಿಲಿಗೆ ಜಾಗ ಬೇಕು, ನನಗೆ ಗೊತ್ತು. ನಾನು ಬೇರೆ ಕೋಣೆ ನೋಡ್ಕೊಳ್ತೀನಿ. ಮಗೂನ ಎತ್ತಿ ಆಡಿಸೋಕೆ ದಿನಾ ಬರ್ತೀನಿ. ಆದ್ರೆ ಜಾಗ ಬಿಡೋಕೋಸ್ಕರ ಮದುವೆ ಆಗಲ್ಲ."

ತಮ್ಮ ಬಾಯಿಗೆ ಬಂದದ್ದನ್ನೆಲ್ಲ ಅಂದ. ಕಾಲಿಲ್ಲದವಳಿಗೆ ಎಷ್ಟು ಕೊಬ್ಬು ಎಂದೂ ಅಂದ. ಅಂದ ಮೇಲೆ ತಾನೇ ಮುಖ ತಿರುಗಿಸಿದ. ಅವಳು ಅಲ್ಲಾಡದೆ ನಿಂತು ಕೇಳಿಸಿಕೊಂಡಳು. ಅಮ್ಮನ ಕೈಯ ಚಾಕು ನಿಂತಿತ್ತು.

"ಬಿಡೋ ಅವಳನ್ನ," ಎಂದಳು ಅಮ್ಮ. ಆಮೇಲೆ ಮಗಳ ಕಡೆ ನೋಡಿದಳು. "ನನಗೆ ಬೇರೆ ಏನೂ ಬರ್ತಿರ್ಲಿಲ್ಲ ಮಗಳೇ. ಬಂದಿದ್ದನ್ನೇ ನಿನಗೂ ಕಲಿಸಿದೆ."

ಅವಳು ಬಗ್ಗಿ ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿದಳು. ಇಬ್ಬರ ಕೆನ್ನೆಯೂ ಒದ್ದೆಯಾಗಿತ್ತು.

ಮೇಷ್ಟ್ರು ಉಳಿ, ಅಳತೆಪಟ್ಟಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅವಳನ್ನು ಕಂಡು ಸ್ಟೂಲು ಸರಿಸಿದರು. ಮುಖ ಸಪ್ಪಗಿತ್ತು, ಗಡ್ಡ ಬೆಳೆದಿತ್ತು.

"ನಡೆದು ತೋರಿಸಿ."

ಅವಳು ಕನ್ನಡಿಯ ತನಕ ನಡೆದಳು, ತಿರುಗಿ ಬಂದಳು. ಕಂಬಿ ಮುಟ್ಟಲಿಲ್ಲ.

"ನೋವಿದೆಯಾ?"

"ಇದೆ."

ಅವರು ಗಾಬರಿಯಾಗಿ ಜೇಬಿಗೆ ಕೈ ಹಾಕಿದರು. "ಎಲ್ಲಿ? ಗುರುತು ಹಾಕಿ..."

"ಅದರಿಂದ ಗುರುತು ಹಾಕೋಕೆ ಆಗಲ್ಲ ಮೇಷ್ಟ್ರೇ. ಮೊದಲು ಇನ್ನೊಂದು ವಿಷಯ ಹೇಳಿಬಿಡ್ತೀನಿ. ನಿಮ್ಮ ಚಹಾ ನನಗೆ ಸೇರಲ್ಲ!"

"ಏನು?"

"ಮೂರು ಚಮಚ ಸಕ್ಕರೆ! ದಿನವಿಡೀ ಕ್ರೀಮು, ಸಕ್ಕರೆ ಮಧ್ಯೇನೇ ಇರೋಳು ನಾನು. ಸಿಹಿ ಅಂದ್ರೆ ವಾಕರಿಕೆ ಬರುತ್ತೆ. ಮೊದಲ ದಿನದಿಂದ ಮೂಗು ಮುಚ್ಕೊಂಡು ಕುಡಿದಿದ್ದೀನಿ."

ಮೇಷ್ಟ್ರು ದಂಗಾಗಿ ನೋಡಿದರು. "ಒಂದು ದಿನಾನೂ ಹೇಳ್ಲಿಲ್ವಲ್ರೀ..."

"ಕಾಲಿನ ನೋವಿಗೆ ಮಾತ್ರ ನೀವು ಪಾಠ ಹೇಳಿದ್ದು. ಚಹಾಕ್ಕೆ ಹೇಳಿರ್ಲಿಲ್ಲ." ನಗಲು ಹೋಗಿ ಅವಳು ಅತ್ತಳು. "ಅವತ್ತು ಬೇಡ ಅಂತ ಒಂದು ಮಾತು ಯಾಕೆ ಅನ್ಲಿಲ್ಲ ನೀವು? ನಾನು ನಿಮ್ಮ ಬೆನ್ನು ನೋಡ್ಕೊಂಡು ಕೂತಿದ್ದೆ..."

ಅವರು ಲಿಪ್‌ಸ್ಟಿಕ್ಕನ್ನು ಮತ್ತೆ ಜೇಬಿಗೆ ಹಾಕಿದರು.

"ಹೆದರಿಕೆ ಇವ್ರೇ," ಎಂದರು ಕೊನೆಗೆ. "ನಾನು ಕೇಳಿದ್ರೆ ನೀವು ಹೂಂ ಅಂತಿದ್ರಿ. ನೀವು ಯಾರು ಏನು ಕೇಳಿದ್ರೂ ಹೂಂ ಅನ್ನೋರು. ಅದು ಪ್ರೀತೀನೋ, ಇದಕ್ಕೂ ಹೊಂದ್ಕೊಂಡ್ರೋ... ನನಗೆ ಹೇಗೆ ಗೊತ್ತಾಗ್ಬೇಕು? ನಗ್ತಾ ನಗ್ತಾ ನನ್ನ ಜೊತೆ ಸವೆದುಹೋದವಳನ್ನ ಒಂದು ಸಲ ನೋಡಿದ್ದೀನಿ. ಇನ್ನೊಂದು ಸಲ ಆಗಲ್ಲ."

'ಹಾಗಾದರೆ ಇಷ್ಟು ದಿನ ಇವರೂ...' ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಇವತ್ತು ಮನೇಲಿ ಬೇಡ ಅಂದು ಬಂದಿದ್ದೀನಿ. ತಮ್ಮನ ಕೈಲಿ ಬೈಸ್ಕೊಂಡು, ಅಮ್ಮನ್ನ ಅಳಿಸಿ, ಬೇಡ ಅಂದು ಬಂದಿದ್ದೀನಿ. ಬೇಡ ಅನ್ನೋಕೆ ಕಲಿತವಳು ಬೇಕು ಅಂದ್ರೆ ನಂಬ್ತೀರಲ್ವಾ?"

ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನನಗೆ ನೀವು ಬೇಕು ಮೇಷ್ಟ್ರೇ," ಎಂದಳು. ಮೊದಲ ಬಾರಿಗೆ ಅವರ ಕೈ ಹಿಡಿದಳು. ಉಜ್ಜಿ ಉಜ್ಜಿ ಒರಟಾದ ಕೈ. ಅದು ಈಗಲೂ ನಡುಗುತ್ತಿತ್ತು, ಮತ್ತು ಈ ಸಲ ಅವಳಿಗೆ ಅದು ಕಂಡಿತು.

ಕೆಟಲ್ ಇನ್ನೂ ಪೆಟ್ಟಿಗೆ ಸೇರಿರಲಿಲ್ಲ. ಅವರು ಚಹಾ ಮಾಡಿದರು. ಸಕ್ಕರೆ ಡಬ್ಬಿಯ ಕಡೆ ಕೈ ಹೋಯಿತು, ತಾನಾಗಿಯೇ ಹಿಂದೆ ಬಂತು. ಅವಳು ಒಂದು ಗುಟುಕು ಕುಡಿದಳು.

"ಹೇಗಿದೆ?"

"ಹಾಲು ಜಾಸ್ತಿ ಆಯ್ತು."

ಅವರು ಜೋರಾಗಿ ನಕ್ಕರು. ಕೌಂಟರಿನ ಅಕ್ಕ ಇಣುಕಿ ನೋಡಿ, ಬಾಗಿಲು ಮೆಲ್ಲಗೆ ಮುಂದೆ ಮಾಡಿಕೊಂಡು ಹೋದಳು.

ನಗು ಮುಗಿದ ಮೇಲೆ ಪೆಟ್ಟಿಗೆ ಕಣ್ಣಿಗೆ ಬಿತ್ತು. ಇಬ್ಬರಿಗೂ.

"ನಾಳೆ ಹೋಗಲೇಬೇಕು," ಎಂದರು ಅವರು. "ಅಲ್ಲಿ ಕಾಲಿಗಾಗಿ ಎಷ್ಟೋ ಜನ ಕಾಯ್ತಿದ್ದಾರೆ, ಬರ್ತೀನಿ ಅಂತ ಮಾತು ಕೊಟ್ಟಾಗಿದೆ. ಆರು ತಿಂಗಳು. ಅಲ್ಲೀವರೆಗೂ ನೀವು ಸ್ವಲ್ಪ ಅಡ್ಜ..."

ಮಾತು ಅರ್ಧಕ್ಕೇ ನಿಂತಿತು.

"ಹೇಳಿ, ನಿಲ್ಲಿಸಿದ್ದು ಯಾಕೆ?" ಅವಳು ಕಣ್ಣೀರಿನಲ್ಲೇ ಹುಬ್ಬೇರಿಸಿದಳು. "ಆ ಪದ ಈ ಕೋಣೇಲಿ ಆಡೋ ಹಾಗಿಲ್ಲ."

"ಮತ್ತೆ ಏನು ಹೇಳ್ಲಿ?"

"ನಿಜ ಹೇಳಿ. ನೋವಿದೆಯಾ?"

"...ಇದೆ."

"ಎಲ್ಲಿ?"

ಅವರು ಅವಳ ಕೈಯನ್ನು ಎತ್ತಿ ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

"ಇಲ್ಲಿ."

"ನನಗೂ," ಎಂದಳು ಅವಳು, ಕೈ ತೆಗೆಯಲಿಲ್ಲ.